ತೋಟದ ಮನೆಗೆ ಯಾವ ಕೋವಿ, ಯಾವ ಬೋರು? ಪದೇ ಪದೇ ಕೇಳುವ ಪ್ರಶ್ನೆಗಳು

ಕಾಳುಮೆಣಸಿಗೆ ಬೆಲೆ ಬಂದ ವರ್ಷ ನನಗೆ ಫೋನು ಜಾಸ್ತಿ. ಕಣದಲ್ಲಿ ಹರವಿದ ಮೆಣಸು ರಾತ್ರೋರಾತ್ರಿ ಹೋಯ್ತು, ಗೋದಾಮಿನ ಬೀಗ ಒಡೆದರು, ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಒಂಟಿ ಮನೆ, ಒಂದು ಕೋವಿ ಇಟ್ಟುಕೊಂಡರೆ ಹೇಗೆ? ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಡೆಯಿಂದ ಬರುವ ಮಾತು ಸುಮಾರು ಇದೇ. ನಾನು ವಕೀಲನಲ್ಲ, ಪೊಲೀಸನೂ ಅಲ್ಲ. ಅಪ್ಪನಿಂದ ಬಂದ ಕೋವಿಯನ್ನು ಇಟ್ಟುಕೊಂಡು, ಐದು ವರ್ಷಕ್ಕೊಮ್ಮೆ ಡಿಸಿ ಆಫೀಸಿನ ಮೆಟ್ಟಿಲು ಹತ್ತುವ ಬೆಳೆಗಾರ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದರಿಂದ ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ.

## ಮೊದಲ ಪ್ರಶ್ನೆಗಳು

"ಮನೆ ಕಾವಲಿಗೆ ಒಂದು ರೈಫಲ್ ತಗೋಬೇಕು ಅಂತಿದ್ದೀನಿ. ಯಾವ ಬೋರು ಒಳ್ಳೇದು ಸಾರ್?"

ರೈಫಲ್ ಬೇಡ. 12 ಬೋರಿನ ಕೋವಿ ತಗೊಳ್ಳಿ. ಕೇಳಿದವರಿಗೆ ಸ್ವಲ್ಪ ಬೇಜಾರಾಗುತ್ತದೆ, ಗೊತ್ತು. ರೈಫಲ್ ಅಂದರೆ ಒಂದು ಗತ್ತು. ಆದರೆ ನಮ್ಮಲ್ಲಿ ಈ ಆಯ್ಕೆಯನ್ನು ಅರ್ಧಕ್ಕರ್ಧ ಕಾನೂನೇ ಮಾಡಿಟ್ಟಿದೆ.

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಓದಿ ನೋಡಿ. ರಕ್ಷಣೆಗೆ ಅಂತ ಒಬ್ಬ ನಾಗರಿಕ ಕೇಳಿದರೆ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಸಾದಾ ಕೋವಿಗೆ ಲೈಸೆನ್ಸ್ ಕೊಡಬೇಕು ಎನ್ನುವ ಧಾಟಿಯಲ್ಲಿ ಅದು ಮಾತಾಡುತ್ತದೆ. ನಿರಾಕರಿಸುವುದಕ್ಕೆ ಕಾರಣಗಳು ಬೇರೆ ಸೆಕ್ಷನ್‌ನಲ್ಲಿ ಇವೆ, ಅದು ಬೇರೆ ಮಾತು. ಬೆಳೆ ಕಾಯಲು ಮೂತಿಯಿಂದ ಮದ್ದು ತುಂಬುವ ಕೇಪಿನ ಕೋವಿ, ಅದು ಸಾಲದಿದ್ದರೆ ಇದೇ ಸಾದಾ ಕೋವಿ. ಮಿಕ್ಕ ಯಾವ ಆಯುಧಕ್ಕಾದರೂ "ತಕ್ಕ ಕಾರಣ ಇದೆ" ಅಂತ ಅಧಿಕಾರಿಗೆ ಮನವರಿಕೆ ಆಗಬೇಕು. ರೈಫಲ್ ಬರುವುದು ಈ ಎರಡನೇ ಸಾಲಿನಲ್ಲಿ.

ಇನ್ನರ್ಧ ಆಯ್ಕೆಯನ್ನು ನಮ್ಮ ಜಾಗ ಮಾಡುತ್ತದೆ. ತೋಟದ ಮನೆ ಅಂದರೆ ಒಂಟಿ ಮನೆ ಅಂದುಕೊಳ್ಳುತ್ತೇವೆ, ನಿಜವಾಗಿ ಒಂಟಿ ಅಲ್ಲ. ಇಳಿಜಾರಿನ ಕೆಳಗೆ ಕೂಲಿಯವರ ಲೈನ್ ಮನೆಗಳು, ಗದ್ದೆಯಾಚೆ ಪಕ್ಕದವರ ಮನೆ, ಮೇಲೆ ರಸ್ತೆ. ರಾತ್ರಿ ಹೊತ್ತು ಇದ್ಯಾವುದೂ ಕಾಣುವುದಿಲ್ಲ. ಕಾಣದ ಕಡೆಗೆ ಹೋದ ರೈಫಲ್ ಗುಂಡು ಕಿಲೋಮೀಟರ್‌ಗಟ್ಟಲೆ ಹೋಗುತ್ತದೆ.

"ಕೋವಿ, ಬಂದೂಕು, ರೈಫಲ್ ಎಲ್ಲಾ ಒಂದೇ ಅಲ್ವಾ? ಈ 12 ಬೋರ್ ಅಂದ್ರೆ ಏನು ಲೆಕ್ಕ?"

ಮಾತಿನಲ್ಲಿ ಎಲ್ಲವೂ ಕೋವಿಯೇ. ಲೈಸೆನ್ಸಿನ ಪುಸ್ತಕದಲ್ಲಿ ಮಾತ್ರ ಬೇರೆ ಬೇರೆ. ನಳಿಗೆಯ ಒಳಗೆ ನುಣ್ಣಗಿದ್ದರೆ ಸಾದಾ ಕೋವಿ, ಅದರಲ್ಲಿ ಸಾಮಾನ್ಯವಾಗಿ ಚರೆ, ಅಂದರೆ ಒಟ್ಟಿಗೆ ಹಾರುವ ಸಣ್ಣ ಸೀಸದ ಗುಂಡುಗಳನ್ನು ಹಾರಿಸುತ್ತೇವೆ. ಒಳಗೆ ಸುರುಳಿಯಾಗಿ ಗೆರೆ ಕೊರೆದಿದ್ದರೆ ರೈಫಲ್. ಆ ಗೆರೆ ಗುಂಡನ್ನು ಬುಗುರಿಯ ಹಾಗೆ ತಿರುಗಿಸುತ್ತದೆ. ಅದಕ್ಕೇ ರೈಫಲ್ ಗುಂಡು ನೇರವಾಗಿ, ದೂರಕ್ಕೆ ಹೋಗುತ್ತದೆ.

12 ಬೋರಿನ ಲೆಕ್ಕ ಹಳೇ ಕಾಲದ್ದು. ಒಂದು ಪೌಂಡ್ ಸೀಸವನ್ನು 12 ಸಮ ಉಂಡೆ ಮಾಡಿದರೆ ಒಂದೊಂದು ಉಂಡೆ ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟಗಲ. ಸುಮಾರು 18.5 ಮಿಲಿಮೀಟರ್. 16 ಉಂಡೆ ಮಾಡಿದರೆ ಉಂಡೆ ಸಣ್ಣದಾಗುತ್ತದಲ್ಲ, ಹಾಗಾಗಿ 16 ಬೋರ್ 12ಕ್ಕಿಂತ ಚಿಕ್ಕದು. ರೈಫಲ್ಲಿನ ಅಂಕಿ ಹಾಗಲ್ಲ, ಅದು ಇಂಚಿನ ಲೆಕ್ಕ. .315 ಅಂದರೆ ಸುಮಾರು 8 ಮಿಲಿಮೀಟರ್.

"ಏರ್‌ಗನ್ ಸಾಕಾಗಲ್ವಾ? ಅದಕ್ಕೆ ಲೈಸೆನ್ಸ್ ಬೇಡವಲ್ಲ."

2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ .177 ಬೋರು ಮೀರದ, 20 ಜೂಲ್ ಶಕ್ತಿ ಮೀರದ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ತೆಂಗಿನ ಗರಟೆ ಇಟ್ಟು ಗುರಿ ಕಲಿಯಲು ಚೆನ್ನಾಗಿದೆ. ಮನೆಗೆ ನುಗ್ಗಿದವನ ಎದುರು ಹಿಡಿಯಬೇಡಿ. ಅವನಿಗೆ ಏನೂ ಆಗುವುದಿಲ್ಲ, ಆದರೆ ಕತ್ತಲಲ್ಲಿ ಅದು ನಿಜವಾದ ಕೋವಿಯ ಹಾಗೇ ಕಾಣುತ್ತದೆ. ಅವನ ಕೈಯಲ್ಲಿ ಕತ್ತಿ ಇದ್ದರೆ ಬೀಸಲು ನೀವೇ ಕಾರಣ ಕೊಟ್ಟ ಹಾಗೆ.

## ಲೈಸೆನ್ಸಿನ ವಿಷಯ

"ಲೈಸೆನ್ಸ್ ಸಿಗೋದೇ ಇಲ್ಲ ಅಂತಾರೆ. ಏನೇನು ಬೇಕು, ಹೇಗೆ ಬರೀಬೇಕು?"

ಸಿಗುತ್ತದೆ, ನಿಧಾನ. ವಯಸ್ಸು 21 ಆಗಿರಬೇಕು. ಎ-1 ನಮೂನೆಯಲ್ಲಿ ಅರ್ಜಿ. ಜಿಲ್ಲೆಗಳಲ್ಲಿ ಡಿಸಿ ಆಫೀಸಿಗೆ, ಬೆಂಗಳೂರು ನಗರದಲ್ಲಾದರೆ ಪೊಲೀಸ್ ಕಮಿಷನರ್ ಕಚೇರಿಗೆ. ಜೊತೆಗೆ ಡಾಕ್ಟರ ಸರ್ಟಿಫಿಕೇಟು, ಆಯುಧವನ್ನು ಭದ್ರವಾಗಿ ಇಡುತ್ತೇನೆ ಎನ್ನುವ ಮುಚ್ಚಳಿಕೆ, ಕೋವಿ ಹಿಡಿಯುವ ತರಬೇತಿ ಪಡೆದ ಪತ್ರ. ಆಮೇಲೆ ಠಾಣೆಯಿಂದ ವರದಿ ಹೋಗಬೇಕು. ತಡವಾಗುವುದು ಹೆಚ್ಚಾಗಿ ಇಲ್ಲೇ.

ಅರ್ಜಿಯಲ್ಲಿ ಕಾರಣ ಬರೆಯುವ ಜಾಗ ಇದೆಯಲ್ಲ, ಎಲ್ಲರೂ ಎಡವುವುದು ಅಲ್ಲಿ. "ನಾನು ಗಣ್ಯ ವ್ಯಕ್ತಿ, ನನಗೆ ಶತ್ರುಗಳಿದ್ದಾರೆ" ಅಂತೆಲ್ಲ ಬರೆಯಬೇಡಿ. ಪಹಣಿ ಇಡಿ. ಠಾಣೆ ಎಷ್ಟು ಕಿಲೋಮೀಟರ್ ದೂರ, ಮಳೆಗಾಲದಲ್ಲಿ ರಸ್ತೆ ಹೇಗಿರುತ್ತದೆ, ಮನೆಯಲ್ಲಿ ಯಾರ್ಯಾರು ಇರುತ್ತಾರೆ, ಹಿಂದೆ ಕಳ್ಳತನ ಆಗಿದ್ದರೆ ದೂರಿನ ಪ್ರತಿ, ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಕೊಟ್ಟ ಅರ್ಜಿಯ ಪ್ರತಿ. ಇಷ್ಟು ಸಾಕು. ನಾನು ನೋಡಿದ ಮಟ್ಟಿಗೆ ಒಣ ಸಂಗತಿ ಬರೆದ ಅರ್ಜಿಗೇ ಬೆಲೆ ಜಾಸ್ತಿ. ತಿರಸ್ಕರಿಸಿದರೆ ಮೇಲ್ಮನವಿ ಹಾಕಲು ಕಾಯ್ದೆಯಲ್ಲೇ ದಾರಿ ಇದೆ.

2019ರ ತಿದ್ದುಪಡಿಯಿಂದ ಎರಡು ಬದಲಾವಣೆ ಆದವು. ಲೈಸೆನ್ಸಿನ ಅವಧಿ 3 ವರ್ಷದಿಂದ 5 ವರ್ಷ ಆಯಿತು. ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧ ಮೂರರಿಂದ ಎರಡಕ್ಕೆ ಇಳಿಯಿತು. ಇನ್ನೊಂದು ಮಾತು: ಲೈಸೆನ್ಸು ಕೈಗೆ ಬರುವ ಮೊದಲು ಯಾರಿಗೂ ಅಡ್ವಾನ್ಸ್ ಕೊಡಬೇಡಿ. ಯಾವ ಬಗೆಯ ಆಯುಧ ಅಂತ ಅದರಲ್ಲಿ ಬರೆದಿರುತ್ತದೆ, ಅದನ್ನೇ ಕೊಳ್ಳಬೇಕು.

"ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ, ಹೌದಾ? ನಮ್ಮದೂ ಕುಶಾಲನಗರದ ಹತ್ತಿರ ಜಮೀನಿದೆ."

ಜಮೀನು ಇದ್ದ ಮಾತ್ರಕ್ಕೆ ಆಗುವುದಿಲ್ಲ. ವಿನಾಯಿತಿ ಇರುವುದು ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ. ನೀವು ಮೊನ್ನೆ ಮೊನ್ನೆ ತೋಟ ಕೊಂಡವರಾದರೆ ಮಿಕ್ಕವರ ಹಾಗೇ ಡಿಸಿ ಆಫೀಸಿಗೆ ಹೋಗಬೇಕು.

ಇದರ ಬೇರು ಬ್ರಿಟಿಷರ ಕಾಲದ್ದು. 1834ರಲ್ಲಿ ಕೊಡಗು ಕಂಪನಿಯ ಕೈಗೆ ಹೋಯಿತು. 1857ರ ದಂಗೆಯ ನಂತರ ದೇಶದಲ್ಲೆಲ್ಲ ಜನರ ಆಯುಧ ಕಿತ್ತುಕೊಳ್ಳುತ್ತಿದ್ದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡಗಿನವರಿಗೆ ವಿನಾಯಿತಿ ಘೋಷಿಸಿದ. ಬೆಂಗಳೂರಿನ ಕಬ್ಬನ್ ಪಾರ್ಕಿನ ಹೆಸರು ಇದೇ ಕಬ್ಬನ್‌ನದು. ಸ್ವಾತಂತ್ರ್ಯ ಬಂದ ಮೇಲೂ ಅದು ಮುಂದುವರಿಯಿತು. ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿತು. ಇದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು.

ಅಲ್ಲಿ ಕೋವಿ ಬರೀ ಕಾವಲಿನ ವಸ್ತುವಲ್ಲ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸೆಪ್ಟೆಂಬರ್‌ನ ಕೈಲ್ ಮುಹೂರ್ತದ ದಿನ ಕೋವಿಗೆ ಹೂವಿಟ್ಟು ಪೂಜೆ. ಆದರೆ ವಿನಾಯಿತಿ ಅಂದರೆ ಕಾಗದವೇ ಬೇಡ ಅಂತಲ್ಲ. ಡಿಸಿ ಕೊಟ್ಟ ವಿನಾಯಿತಿ ಪತ್ರ ಕೈಯಲ್ಲಿರಬೇಕು. ಕೋವಿ ಕಾರಿನ ಡಿಕ್ಕಿಯಲ್ಲಿಟ್ಟು ಜಿಲ್ಲೆಯ ಗಡಿ ದಾಟುವ ಮೊದಲು ಆ ಪತ್ರದಲ್ಲಿ ಏನು ಬರೆದಿದೆ ಓದಿಕೊಳ್ಳಿ.

"ತಾತನ ಜೋಡುನಳಿಗೆ ಕೋವಿ ಅಟ್ಟದ ಮೇಲಿದೆ. ತಾತ ಹೋಗಿ ಎರಡು ವರ್ಷ ಆಯ್ತು. ಏನ್ ಮಾಡ್ಲಿ?"

ಮೊದಲು ಅದನ್ನು ಅಟ್ಟದಿಂದ ಕಾನೂನಿನ ಬೆಳಕಿಗೆ ತನ್ನಿ. ಲೈಸೆನ್ಸುದಾರ ತೀರಿಕೊಂಡ ಮೇಲೆ ಆ ಕೋವಿ ನಿಮ್ಮ ಮನೆಯಲ್ಲಿದ್ದರೆ ಅದು ಲೈಸೆನ್ಸ್ ಇಲ್ಲದ ಕೋವಿ. ತಾತನ ಮೇಲಿನ ಪ್ರೀತಿ ಅಲ್ಲಿ ಲೆಕ್ಕಕ್ಕಿಲ್ಲ. ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಜಮಾ ಮಾಡಿ ರಸೀದಿ ತಗೊಳ್ಳಿ. ಆಮೇಲೆ ವಾರಸುದಾರನಾಗಿ ಅರ್ಜಿ ಹಾಕಿ, ಉಳಿದ ವಾರಸುದಾರರ ಒಪ್ಪಿಗೆ ಪತ್ರದ ಜೊತೆ. ತಡ ಮಾಡಿದ್ದೇಕೆ ಅಂತ ಕೇಳುತ್ತಾರೆ, ಇದ್ದದ್ದನ್ನು ಹೇಳಿ. ಸುಮ್ನೆ ಹೋಗಲು ಹಿಂಜರಿಕೆಯಾದರೆ ಒಬ್ಬ ವಕೀಲರ ಜೊತೆ ಹೋಗಿ.

ತಾತ ಇನ್ನೂ ಇದ್ದಾರೆ ಅನ್ನುವವರು ಈಗಲೇ ಕೆಲಸ ಮುಗಿಸಿಕೊಳ್ಳಿ. ಲೈಸೆನ್ಸುದಾರರಿಗೆ 70 ವರ್ಷ ಆಗಿದ್ದರೆ, ಇಲ್ಲವೇ 25 ವರ್ಷ ಆಯುಧ ಇಟ್ಟುಕೊಂಡಿದ್ದರೆ, ಬದುಕಿದ್ದಾಗಲೇ ಮಕ್ಕಳ ಹೆಸರಿಗೆ ಮಾಡಿಕೊಡಲು 2016ರ ನಿಯಮದಲ್ಲಿ ಅವಕಾಶ ಇದೆ. ನಮ್ಮ ಮನೆಯಲ್ಲಿ ಆದದ್ದೂ ಹೀಗೇ. ಅಪ್ಪ ಸಹಿ ಹಾಕಿದ ದಿನ ಮಾತಾಡಲಿಲ್ಲ. ಸಂಜೆ ಕೋವಿಗೆ ಎಣ್ಣೆ ಹಾಕಿ ಒರೆಸಿ ಕೊಟ್ಟರು.

"ಎಲೆಕ್ಷನ್ ಬಂದ್ರೆ ಕೋವಿ ಠಾಣೆಗೆ ಕೊಡ್ಬೇಕಲ್ಲ, ಆಗ ಕಾವಲಿಗೇನು?"

ಆದೇಶ ಬಂದರೆ ಕೊಡಬೇಕು. ನಿಜವಾದ ತೊಂದರೆ ಇದ್ದರೆ ವಿನಾಯಿತಿ ಕೋರಿ ಮೊದಲೇ ಅರ್ಜಿ ಕೊಡಿ. ಠಾಣೆಗೆ ಒಯ್ಯುವಾಗ ನಂಬರ್ ಸರಿ ಬರೆದ ರಸೀದಿ ತಗೊಳ್ಳಿ, ಕೋವಿಯ ಫೋಟೋ ತೆಗೆದಿಟ್ಟುಕೊಳ್ಳಿ, ಎಣ್ಣೆ ಹಚ್ಚಿ ಕೊಡಿ. ಅಲ್ಲಿ ಗೋಡೆಗೆ ಸಾಲಾಗಿ ಒರಗಿಸಿದ ಐವತ್ತು ಕೋವಿಗಳಲ್ಲಿ ನಿಮ್ಮದಕ್ಕೆ ಯಾರೂ ಎಣ್ಣೆ ಹಚ್ಚುವುದಿಲ್ಲ.

## ಯಾವ ಕೋವಿ, ಯಾವ ತೋಟಾ

"ಸರಿ, ಆದ್ರೂ .315 ಯಾಕೆ ಬೇಡ? ಉತ್ತರದ ಕಡೆ ಮನೆಮನೆಯಲ್ಲಿ ಇರುತ್ತಂತಲ್ಲ."

ಇರುತ್ತದೆ. ಅದಕ್ಕೊಂದು ಕಥೆ ಇದೆ. ಸೈನ್ಯದ .303 ತೋಟಾ (ಕೋವಿಗೆ ತುಂಬುವ ಕಾರ್ಟ್ರಿಜ್) ಜನರ ಕೈಗೆ ಸಿಗಬಾರದು ಅಂತ ಬ್ರಿಟಿಷರು ಆ ಬೋರನ್ನು ನಿಷೇಧಿಸಿದರು. ಆಗ ನಾಗರಿಕರಿಗೆ ಅಂತ ಬಂದ ಬೋರುಗಳಲ್ಲಿ ಒಂದು .315. ಆಸ್ಟ್ರಿಯಾದ ಹಳೇ ಮ್ಯಾನ್‌ಲಿಖರ್ ತೋಟಾದ ವಂಶದ್ದು. ಇಂಗ್ಲೆಂಡಿನ ಬಿಎಸ್‌ಎ ಕಂಪನಿ ಇದನ್ನು ಭಾರತಕ್ಕೆ ಅಂತಲೇ ಮಾಡುತ್ತಿತ್ತು. ಆಮೇಲೆ ಬಂಗಾಳದ ಇಶಾಪುರ ಕಾರ್ಖಾನೆ ಮಾಡತೊಡಗಿತು. ಬ್ರಿಟಿಷರು ಹೋದರೂ ಆ ಗೆರೆ ಉಳಿಯಿತು. ಇವತ್ತಿಗೂ .303, 7.62, ಸೈನ್ಯದ 9 ಎಂಎಂ ತೋಟಾ ಹಾರಿಸುವ ಆಯುಧಗಳು ಪಿಬಿ, ಅಂದರೆ ನಿಷೇಧಿತ ಬೋರು. ಡಿಸಿ ಅದನ್ನು ಕೊಡುವಂತಿಲ್ಲ, ಕೇಂದ್ರ ಗೃಹ ಇಲಾಖೆಯ ತನಕ ಹೋಗಬೇಕು. .315, 30-06, .22, 12 ಬೋರು ಎನ್‌ಪಿಬಿ, ಅಂದರೆ ನಿಷೇಧಿತವಲ್ಲದ ಬೋರು.

.315 ಗಟ್ಟಿ ರೈಫಲ್, ಅದರಲ್ಲಿ ಎರಡು ಮಾತಿಲ್ಲ. ತೂಕದ ಗುಂಡು, ಬೋಲ್ಟ್ ಎಳೆದು ತಳ್ಳುವ ಸರಳ ಕೆಲಸ. ತೊಂದರೆ ಇರುವುದು ಕೆಲಸ ಮುಗಿದ ಮೇಲೂ ಗುಂಡು ನಿಲ್ಲದಿರುವುದರಲ್ಲಿ. ಮನೆಯ ಕಾವಲಿನ ದೂರ ಅಂದರೆ ಎಷ್ಟು? ನಮ್ಮ ಮನೆಯ ಮುಂಬಾಗಿಲಿನಿಂದ ಅಡುಗೆಮನೆಗೆ ಹದಿನಾಲ್ಕು ಹೆಜ್ಜೆ, ಜಗಲಿಯಿಂದ ಕಣದ ಆ ತುದಿಗೆ ನಲವತ್ತು. ಇದಕ್ಕೆ ಮುನ್ನೂರು ಗಜದಲ್ಲಿ ಜಿಂಕೆ ಹೊಡೆಯುವ ಆಯುಧ ಏಕೆ? ಮುರಕಲ್ಲಿನ ಗೋಡೆ ತಡೆದೀತು, ಆದರೆ ಮನೆಯಲ್ಲಿ ಕಿಟಕಿ, ಹಲಗೆ ಬಾಗಿಲು, ಹೆಂಚು, ತಗಡು ಇವೇ ಜಾಸ್ತಿ. 30-06 ಕೇಳುವವರಿಗೂ ಇದೇ ಉತ್ತರ, ಇನ್ನೂ ಎರಡು ಪಟ್ಟು ಜೋರಾಗಿ.

".22 ತಗೊಂಡ್ರೆ? ಸದ್ದೂ ಕಡಿಮೆ, ಹೆಂಗಸರೂ ಹಿಡೀಬಹುದು."

ಭುಜಕ್ಕೆ ಒದೆ ಇಲ್ಲ, ತೋಟಾ ಅಗ್ಗ, ಕಲಿಯಲು ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ .22 ರೈಫಲ್‌ಗೆ ಕಾಯ್ದೆ ಹಾಕಿಕೊಟ್ಟ ಸುಲಭ ದಾರಿ ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ, ಗುರಿ ಅಭ್ಯಾಸಕ್ಕೆ. ರಕ್ಷಣೆಗೆ ಅದು ಅರೆಬರೆ. ಸಣ್ಣದು ಅಂತ ಸದರ ಬೇಡ, ಆ ಪುಟ್ಟ ಗುಂಡೂ ಒಂದೂವರೆ ಕಿಲೋಮೀಟರ್ ದಾಟಿ ಹೋಗಬಲ್ಲದು. ಹೆಂಗಸರ ಮಾತು ಬಂದಿತಲ್ಲ, ನನ್ನ ಅತ್ತಿಗೆ 12 ಬೋರನ್ನು ನನಗಿಂತ ಚೆನ್ನಾಗಿ ಹಿಡಿಯುತ್ತಾರೆ. ಹಿಡಿಯನ್ನು ಭುಜದ ಗುಂಡಿಗೆ ಒತ್ತಿ ಹಿಡಿಯಬೇಕು, ಅಷ್ಟೇ ಗುಟ್ಟು. ಸಡಿಲ ಬಿಟ್ಟವರಿಗೇ ಅದು ಒದೆಯುವುದು.

"ಒಂಟಿ ನಳಿಗೆ, ಜೋಡು ನಳಿಗೆ, ಪಂಪ್ ಆಕ್ಷನ್. ಯಾವುದಕ್ಕೆ ದುಡ್ಡು ಹಾಕ್ಲಿ?"

ನನ್ನ ಓಟು ಜೋಡುನಳಿಗೆಗೆ. ನಳಿಗೆಯನ್ನು ಕೀಲಿನಲ್ಲಿ ಬಗ್ಗಿಸಿ, ನಮ್ಮ ಮಾತಿನಲ್ಲಿ ಮುರಿದು, ತೆರೆದರೆ ಒಳಗೆ ತೋಟಾ ಇದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ, ಕತ್ತಲಲ್ಲಾದರೆ ಬೆರಳು ಹಾಕಿ ನೋಡಬಹುದು. ಮುರಿದು ತೋಳಿಗೆ ಹಾಕಿಕೊಂಡ ಕೋವಿಯಿಂದ ಯಾರಿಗೂ ಅಪಾಯ ಇಲ್ಲ, ಎದುರಿನವರಿಗೂ ಅದು ಗೊತ್ತಾಗುತ್ತದೆ. ಎರಡು ನಳಿಗೆ ಅಂದರೆ ಎರಡು ಬೇರೆ ಬೇರೆ ಕೋವಿ ಇದ್ದ ಹಾಗೆ, ಒಂದು ಕೈಕೊಟ್ಟರೂ ಇನ್ನೊಂದು ಇದೆ.

ಪಂಪ್ ಆಕ್ಷನ್ ಅಂದರೆ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಎಳೆದು ಮುಂದೆ ತಳ್ಳಿ ತೋಟಾ ಏರಿಸುವ ಕೋವಿ, ತಿರುಚಿರಾಪಳ್ಳಿಯ ಕಾರ್ಖಾನೆಯಲ್ಲೂ ತಯಾರಾಗುತ್ತದೆ. ನಾಲ್ಕೈದು ತೋಟಾ ಹಿಡಿಯುತ್ತದೆ, ಬೇಗ ಹಾರಿಸಬಹುದು. ಆದರೆ ವರ್ಷಕ್ಕೆ ಎರಡು ಸಲ ಮಾತ್ರ ಕೋವಿ ಮುಟ್ಟುವವರಿಗೆ ಅದು ಹೊಂದುವುದಿಲ್ಲ. ಗಾಬರಿಯಲ್ಲಿ ಪೂರ್ತಿ ಹಿಂದಕ್ಕೆ ಎಳೆಯದೆ ಮುಂದಕ್ಕೆ ತಳ್ಳಿ ತೋಟಾ ಸಿಕ್ಕಿಸಿಕೊಳ್ಳುತ್ತಾರೆ. ಕೊಳವೆಯಲ್ಲಿ ಒಂದು ಉಳಿದದ್ದು ಮರೆತುಹೋಗುತ್ತದೆ. ಅಭ್ಯಾಸಕ್ಕೆ ಹೋಗುವವರಾದರೆ ತಗೊಳ್ಳಿ. ಒಂಟಿ ನಳಿಗೆ ಅಗ್ಗ, ಹಗುರ. ಬಡವರ ಮನೆಗಳನ್ನು ಅದು ಕಾಲದಿಂದ ಕಾದಿದೆ.

ಹಳೇ ಕೋವಿಗಳಲ್ಲಿ ಕುದುರೆ, ಅಂದರೆ ಬಡಿದು ತೋಟಾ ಸಿಡಿಸುವ ಸುತ್ತಿಗೆ, ಹೊರಗೆ ಇರುತ್ತದೆ. ಕುದುರೆ ಎತ್ತಿ, ಆಮೇಲೆ ಬೇಡ ಅಂತ ಹೆಬ್ಬೆರಳಲ್ಲಿ ಇಳಿಸುವಾಗ ಜಾರಿ ಈಡಾದ ಮನೆಗಳು ನನಗೆ ಗೊತ್ತು. ಕುದುರೆ ಇಳಿಸುವ ಮೊದಲು ಕೋವಿ ಮುರಿದು ತೋಟಾ ತೆಗೆಯಿರಿ.

"ಅಂಗಡಿಯಲ್ಲಿ ಎಲ್‌ಜಿ, ಎಸ್‌ಜಿ, ಬಿಬಿ, 4 ನಂಬರ್, 6 ನಂಬರ್ ಅಂತಾರೆ. ಯಾವುದು ತರ್ಲಿ?"

ಈ ಹೆಸರುಗಳು ಒಳಗಿನ ಚರೆಯ ಗಾತ್ರ. ಎಲ್‌ಜಿ ಎಲ್ಲಕ್ಕಿಂತ ದಪ್ಪ, ಬೆರಳೆಣಿಕೆಯಷ್ಟು ಗುಂಡು. ಎಸ್‌ಜಿ ಅದಕ್ಕಿಂತ ಸ್ವಲ್ಪ ಸಣ್ಣ. ಬಿಬಿ ಇನ್ನೂ ಸಣ್ಣ. 4, 6 ಅಂತ ನಂಬರ್ ಏರಿದ ಹಾಗೆ ಚರೆ ಸಾಸಿವೆಯ ಕಡೆಗೆ ಇಳಿಯುತ್ತದೆ, ಅವು ಹಕ್ಕಿ ಹೊಡೆಯಲು ಹುಟ್ಟಿದವು.

ಒಮ್ಮೆ ಅನುಮಾನ ಪರಿಹಾರಕ್ಕೆ ಹೀಗೆ ಮಾಡಿ ನೋಡಿದೆ. ಹಿಂದೆ ಎತ್ತರದ ಮಣ್ಣಿನ ದರೆ ಇರುವ ಕಡೆ ಹಳೇ ಹಲಗೆ ಬಾಗಿಲೊಂದನ್ನು ನಿಲ್ಲಿಸಿ, ಅದರ ಹಿಂದೆ ಎರಡು ಮಾರು ಬಿಟ್ಟು ಕಿತ್ತುಹಾಕಿದ ಚಾವಣಿ ತಗಡು ಒರಗಿಸಿದೆ. ಹತ್ತು ಹೆಜ್ಜೆಯಿಂದ ಒಂದು ಎಸ್‌ಜಿ. ಬಾಗಿಲಲ್ಲಿ ತೂತುಗಳೆಲ್ಲ ಒಂದು ಗೇಣಿನೊಳಗೆ ಇದ್ದವು. ತಗಡಿನಲ್ಲೂ ತೂತು. ನಂತರ 6 ನಂಬರ್ ಹಾರಿಸಿದೆ. ಬಾಗಿಲಿನ ಮುಖ ಹೆಗ್ಗಣ ಕೆರೆದ ಹಾಗೆ ಕಿತ್ತುಹೋಯಿತು, ತಗಡಿಗೆ ಏನೂ ಆಗಲಿಲ್ಲ.

ಇದರಿಂದ ಎರಡು ವಿಷಯ ಗೊತ್ತಾಯಿತು. "ಚರೆ ಕೋವಿಗೆ ಗುರಿ ಬೇಡ, ಆ ಕಡೆ ತಿರುಗಿಸಿದರೆ ಸಾಕು" ಅನ್ನುವುದು ಸುಳ್ಳು. ಮನೆಯೊಳಗಿನ ದೂರದಲ್ಲಿ ಅದು ಗೇಣಗಲವೂ ಹರಡುವುದಿಲ್ಲ, ಗುರಿ ಇಡಲೇಬೇಕು. ಇನ್ನೊಂದು, ದಪ್ಪ ಚರೆ ನಿಮ್ಮ ಬಾಗಿಲು ದಾಟಿ ಪಕ್ಕದ ಕೋಣೆಗೂ ಹೋಗುತ್ತದೆ. ಮಕ್ಕಳು ಮಲಗುವ ಕೋಣೆ ಯಾವ ದಿಕ್ಕಿಗಿದೆ ಅನ್ನುವುದನ್ನು ಹಗಲಲ್ಲೇ ಯೋಚಿಸಿಟ್ಟುಕೊಳ್ಳಿ. ಒತ್ತಾದ ಮನೆಗಳಿದ್ದರೆ ನಾನು ಬಿಬಿ ಕಡೆಗೆ ವಾಲುತ್ತೇನೆ. ಅದೂ ಹತ್ತಿರದಿಂದ ಸಣ್ಣ ಪೆಟ್ಟಲ್ಲ.

"ರಿವಾಲ್ವರ್ ಇಟ್ಕೊಂಡ್ರೆ ದಿಂಬಿನ ಕೆಳಗೆ ಇಡಬಹುದಲ್ಲ?"

ಅದಕ್ಕೇ ಬೇಡ ಅನ್ನುವುದು. ಕಾನ್ಪುರದ .32 ರಿವಾಲ್ವರ್ ಎನ್‌ಪಿಬಿಯೇ, ಲೈಸೆನ್ಸ್ ಸಿಕ್ಕರೆ ಕೊಳ್ಳಬಹುದು. ಆದರೆ ಸಣ್ಣ ನಳಿಗೆಯಲ್ಲಿ ಗುರಿ ಹಿಡಿಯಲು ವರ್ಷಗಟ್ಟಲೆ ಅಭ್ಯಾಸ ಬೇಕು. ದಿಂಬಿನ ಕೆಳಗಿನ ವಸ್ತು ಮೊದಲು ಸಿಗುವುದು ಮೊಮ್ಮಗನ ಕೈಗೆ.

"ಟೆಕ್ಸಾಸ್‌ನಲ್ಲಿರೋ ಮಗ ಮನೆಗೆ ಎಆರ್-15 ಒಳ್ಳೇದು ಅಂತಾನೆ. ಇಲ್ಲಿ ಯಾಕಾಗಲ್ಲ?"

ಇಲ್ಲಿ ಎಆರ್-15ರಂಥ, ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್ ರೈಫಲ್ ನಿಷೇಧಿತ ವರ್ಗದಲ್ಲಿದೆ. ಚರ್ಚೆ ಅಲ್ಲಿಗೇ ಮುಗಿಯಿತು. ನಿಮ್ಮ ಮಗ ಹೇಳುವುದು ಅವನ ಊರಿಗೆ ಸರಿ ಇರಬಹುದು. ಅಲ್ಲಿಯ ಮನೆಗಳ ಒಳಗೋಡೆ ಜಿಪ್ಸಮ್ ಹಲಗೆಯವು, ಮುಷ್ಟಿಯಲ್ಲಿ ಗುದ್ದಿದರೆ ತೂತಾಗುವಂಥವು. ಆ ರೈಫಲ್ಲಿನ ಹಗುರ, ವೇಗದ .223 ಗುಂಡು ಅಂಥ ಗೋಡೆಗೆ ತಾಗಿ ಒಡೆಯುವುದೋ ತಲೆಕೆಳಗಾಗುವುದೋ ಉಂಟು ಅಂತ ಅಲ್ಲಿ ಕೆಲವರು ಅದನ್ನು ಆರಿಸುತ್ತಾರೆ. ಅಲ್ಲಿರುವ ನಮ್ಮವರಿಗೆ ನಾನು ಹೇಳುವುದು ಇಷ್ಟೇ: ವೀಸಾದಲ್ಲಿ ಇರುವವರು ಬಂದೂಕು ಮುಟ್ಟುವ ಮೊದಲು ಅಲ್ಲಿಯ ವಕೀಲರನ್ನು ಕೇಳಿ. ಎಚ್-1ಬಿ ಅಂಥ ವಲಸೆಯೇತರ ವೀಸಾದವರಿಗೆ ಕೆಲವು ವಿನಾಯಿತಿ ಬಿಟ್ಟರೆ ಬಂದೂಕು ಇಟ್ಟುಕೊಳ್ಳುವುದೇ ಅಲ್ಲಿಯ ಕೇಂದ್ರ ಕಾನೂನಿನಲ್ಲಿ ಅಪರಾಧ. ಗೆಳೆಯನ ಮನೆಯ ಬಂದೂಕು ಹಿಡಿದು ಫೋಟೋ ಹಾಕಿಕೊಳ್ಳುವ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ.

## ಮನೆಯಲ್ಲಿ ಕೋವಿ ಬಂದ ಮೇಲೆ

"ರಾತ್ರಿ ಬೇಕಾಗೋ ವಸ್ತು. ಬೀರುವಿನಲ್ಲಿಟ್ಟು ಬೀಗ ಹಾಕಿದ್ರೆ ಏನ್ ಪ್ರಯೋಜನ?"

ಎಲ್ಲರೂ ಕೇಳುವ ನ್ಯಾಯವಾದ ಪ್ರಶ್ನೆ. ಬೀಗ ಹಾಕಲೇಬೇಕು. ಕಬ್ಬಿಣದ ಬೀರುವಿನಲ್ಲಿ ಕೋವಿ, ಬೇರೆ ಬೀಗದ ಪೆಟ್ಟಿಗೆಯಲ್ಲಿ ತೋಟಾ, ಎರಡೂ ಕೀ ನಿಮ್ಮ ಸೊಂಟದಲ್ಲಿ. ನಾನು ಅಳೆದು ನೋಡಿದ್ದೇನೆ: ಎದ್ದು, ದೀಪ ಹಾಕದೆ, ಎರಡು ಬೀಗ ತೆಗೆದು, ಎರಡು ತೋಟಾ ಹಾಕಲು ನನಗೆ ಸುಮಾರು ಒಂದು ನಿಮಿಷ.

ಆ ಒಂದು ನಿಮಿಷವನ್ನು ಸಂಪಾದಿಸುವುದು ಹೇಗೆ ಅನ್ನುವುದೇ ನಿಜವಾದ ಕೆಲಸ. ಹೊರಗೆ ಎರಡು ನಾಯಿ. ಕಣಕ್ಕೆ ತಾನೇ ಹೊತ್ತಿಕೊಳ್ಳುವ ಲೈಟು. ಹಿಂಬಾಗಿಲಿಗೆ ಅಡ್ಡಪಟ್ಟಿ, ಕಿಟಕಿಗೆ ಸರಳು. ಮಲಗುವ ಕೋಣೆಗೆ ಒಳಗಿನಿಂದ ಗಟ್ಟಿ ಚಿಲಕ. ಚಾರ್ಜ್ ಇರುವ ಫೋನು, 112. ಬೋರು ಯಾವುದು ಅಂತ ಆರು ತಿಂಗಳು ತಲೆ ಕೆಡಿಸಿಕೊಂಡ ನೆಂಟರೊಬ್ಬರ ಹಿಂಬಾಗಿಲಿಗೆ ಇವತ್ತಿಗೂ ಒಂದು ಕೊಕ್ಕೆ ಮಾತ್ರ ಇದೆ. ಕೋವಿ ತುಂಬಿದ ಮೇಲೂ ಹುಡುಕಿಕೊಂಡು ಹೊರಗೆ ಹೋಗಬೇಡಿ. ಎಲ್ಲರನ್ನೂ ಒಂದು ಕೋಣೆಗೆ ಸೇರಿಸಿ, ಬಾಗಿಲು ಹಾಕಿ, ಕೂಗಿ ಹೇಳಿ. ಹಂದಿ ಅಂತ ತಿಳಿದು ಮನುಷ್ಯನಿಗೆ ಹೊಡೆದ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಕತ್ತಲಲ್ಲಿ ಅಲ್ಲಾಡುವುದೆಲ್ಲ ಕಳ್ಳ ಅಲ್ಲ. ನಮ್ಮ ತೋಟದ ರೈಟರೇ ಒಮ್ಮೆ ರಾತ್ರಿ ಒಂದಕ್ಕೆ ಪಂಪ್‌ಸೆಟ್ ನೋಡಲು ಬಂದಿದ್ದ.

"ಮಳೆಗಾಲ ಬಂದ್ರೆ ಸಾಕು ತುಕ್ಕು. ನೀವ್ ಹೇಗೆ ಇಡ್ತೀರಿ?"

ನಾನು ಕೆಡಿಸಿಕೊಂಡು ಕಲಿತವನು. ಚೆಂದದ ಚರ್ಮದ ಚೀಲವೊಂದು ತಂದು, ಜೂನ್‌ನಲ್ಲಿ ಕೋವಿ ಅದರೊಳಗೆ ಹಾಕಿ ಬೀರುವಿನಲ್ಲಿಟ್ಟೆ. ಗೌರಿ ಹಬ್ಬದ ಹೊತ್ತಿಗೆ ತೆಗೆದರೆ ಎಡ ನಳಿಗೆಯ ಮೇಲೆ ಕೆಂಪು ಮಚ್ಚೆ. ಉಜ್ಜಿದ ಮೇಲೆ ಕೆಂಪು ಹೋಯಿತು, ಗುಳಿ ಉಳಿಯಿತು. ಚರ್ಮ, ಉಣ್ಣೆ ಎರಡೂ ತೇವ ಹೀರಿ ಹಿಡಿದಿಡುತ್ತವೆ. ಚೀಲ ಪ್ರಯಾಣಕ್ಕೆ ಮಾತ್ರ.

ಈಗ ತೆರೆದೇ ನಿಲ್ಲಿಸುತ್ತೇನೆ, ಬೀರುವಿನೊಳಗೆ ಸಣ್ಣ ಬಲ್ಬು ಹಗಲೆಲ್ಲ ಉರಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಒಣಬಟ್ಟೆ, ಆಮೇಲೆ ಕೋವಿ ಎಣ್ಣೆಯ ತೆಳು ಲೇಪ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಅಂಟಾಗುತ್ತದೆ. ತೋಟಾಗಳನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಹಳೇ ಕಾಗದದ ತೋಟಾ ಉಬ್ಬಿ ನಳಿಗೆಗೆ ಕೂರದಿದ್ದರೆ ಒತ್ತಿ ತುರುಕಬೇಡಿ, ಅಂಗಡಿಗೆ ವಾಪಸು ಕೊಡಿ.

"ಕಳ್ಳ ಒಳಗೆ ಬಂದೇಬಿಟ್ಟ. ಹೊಡೀಬಹುದಾ?"

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಸ್ವರಕ್ಷಣೆಯ ಹಕ್ಕು ಅದರಲ್ಲಿ 34ರಿಂದ 44ನೇ ಸೆಕ್ಷನ್‌ವರೆಗೆ. ಪ್ರಾಣಕ್ಕೆ ಅಪಾಯ ಅಂತ ನ್ಯಾಯವಾಗಿ ಅನ್ನಿಸಿದಾಗ, ಆಸ್ತಿಯ ವಿಷಯದಲ್ಲಿ ದರೋಡೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮುಂಚೆ ಮನೆ ಒಡೆದು ನುಗ್ಗುವುದು, ವಾಸದ ಮನೆಗೆ ಬೆಂಕಿ ಇಡುವುದು, ಇಂಥ ಕೆಲವು ಸಂದರ್ಭಗಳಲ್ಲಿ ಈ ಹಕ್ಕು ಎದುರಾಳಿಯ ಸಾವಿನವರೆಗೂ ಹೋಗಬಹುದು.

ಆದರೆ 37ನೇ ಸೆಕ್ಷನ್ ಬಿಟ್ಟು ಓದಬೇಡಿ. ರಕ್ಷಣೆಗೆ ಬೇಕಾದದ್ದಕ್ಕಿಂತ ಜಾಸ್ತಿ ಪೆಟ್ಟು ಕೊಡುವಂತಿಲ್ಲ. ಪೊಲೀಸರನ್ನು ಕರೆಯುವಷ್ಟು ಸಮಯ ಇದ್ದರೆ ಈ ಹಕ್ಕೇ ಇಲ್ಲ. ಕಣದಿಂದ ಮೆಣಸಿನ ಮೂಟೆ ಹೊತ್ತು ಓಡುತ್ತಿರುವವನ ಬೆನ್ನಿಗೆ ಹೊಡೆದರೆ ಅದು ರಕ್ಷಣೆ ಅಲ್ಲ. ನೀವು ಹೊಡೆದದ್ದು ಸರಿ ಅಂತಲೇ ಇಟ್ಟುಕೊಳ್ಳಿ. ಕೇಸು ಆಗುತ್ತದೆ, ಕೋವಿ ಜಪ್ತಿಯಾಗುತ್ತದೆ, ಕೋರ್ಟಿಗೆ ಅಲೆಯಬೇಕಾಗುತ್ತದೆ. ಮೂಟೆಯ ಬೆಲೆಗೆ ಅದು ಹೊಂದುತ್ತದಾ, ಲೆಕ್ಕ ಹಾಕಿ.

"ಹೆದರಿಸೋಕೆ ಗಾಳಿಯಲ್ಲಿ ಒಂದು ಈಡು ಹೊಡೆದ್ರೆ?"

ಮೇಲೆ ಹೋದದ್ದು ಎಲ್ಲೋ ಕೆಳಗೆ ಬರುತ್ತದೆ. ಅಜಾಗರೂಕತೆಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ, ಮದುವೆ ಮೆರವಣಿಗೆಯಲ್ಲಿ ಹಾರಿಸಿದರೆ, 2019ರ ತಿದ್ದುಪಡಿಯಂತೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸದ್ದೇ ಬೇಕಾದರೆ ತಗಡಿನ ಡಬ್ಬ ಬಡಿಯಿರಿ, ಸೈರನ್ ಹಾಕಿಸಿ.

"ಕಳ್ಳನಿಗಿಂತ ನಮಗೆ ಆನೆ, ಹಂದಿ ಕಾಟ. ಅದಕ್ಕೆ ದೊಡ್ಡ ಬೋರು ಬೇಡ್ವಾ?"

ಆನೆಗೆ ಯಾವ ಬೋರೂ ಬೇಡ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ ಅದು. 12 ಬೋರಿನ ಚರೆ ಅದರ ಚರ್ಮದಲ್ಲಿ ಸಿಕ್ಕಿ ಕೀವಾಗುತ್ತದೆ, ಆನೆ ಸಾಯುವುದಿಲ್ಲ, ಮನುಷ್ಯರನ್ನು ಕಂಡರೆ ಮೈಮೇಲೆ ಬರಲು ಕಲಿಯುತ್ತದೆ. ಮಾರನೇ ದಿನ ಅದರ ಎದುರು ಸಿಗುವುದು ಕೋವಿ ಇಲ್ಲದ ಕೂಲಿ ಹೆಂಗಸು. ಆನೆ ಬಂದರೆ ಅರಣ್ಯ ಇಲಾಖೆಯವರಿಗೆ ಫೋನು.

ಹಂದಿಗೂ ಬೇಕಾದ ಹಾಗೆ ಹೊಡೆಯಲು ಬಿಡುವಿಲ್ಲ, ಬೆಳೆ ಹಾಳು ಮಾಡುವ ಹಂದಿಯ ವಿಷಯಕ್ಕೂ ಇಲಾಖೆಯ ಅನುಮತಿ ಮೊದಲು. ಕಾಡುಪ್ರಾಣಿ ನೇರ ಮೈಮೇಲೆ ಬಂದಾಗ ಜೀವ ಉಳಿಸಿಕೊಳ್ಳಲು ಒಳ್ಳೆಯ ನಂಬಿಕೆಯಿಂದ ಹೊಡೆದರೆ ಅಪರಾಧವಲ್ಲ ಅಂತ ಅದೇ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಆದರೆ ಆ ಹೊತ್ತಿನಲ್ಲಿ ನೀವು ಬೇರೆ ಅಪರಾಧ ಮಾಡುತ್ತಿರಬಾರದು. ಶಿಕಾರಿಗೆ ಹೋಗಿ "ಮೈಮೇಲೆ ಬಂತು" ಅಂದರೆ ನಡೆಯುವುದಿಲ್ಲ.

"ನಮ್ಮದು ಹಳೇ ಇಂಗ್ಲಿಷ್ ಕೋವಿ, ನೂರು ವರ್ಷದ್ದು. ಈಗಿನ ತೋಟಾ ಹಾಕಬಹುದಾ?"

ನೋಡದೆ ಹಾಕಬೇಡಿ. ಆ ಕಾಲದ ಬಹಳಷ್ಟು ಕೋವಿಗಳ ತೋಟಾ ಕೂರುವ ಮನೆ 65 ಮಿಲಿಮೀಟರ್ ತೋಟಾಕ್ಕೆ ಮಾಡಿದ್ದು. ಈಗ ಸಿಗುವವು ಹೆಚ್ಚಾಗಿ 70ರವು. ತಮಾಷೆ ಏನೆಂದರೆ 70ರದ್ದೂ ಒಳಗೆ ಹೋಗುತ್ತದೆ, ಕೋವಿ ಸರಿಯಾಗಿ ಮುಚ್ಚಿಕೊಳ್ಳುತ್ತದೆ. ಏಕೆಂದರೆ ಆ ಅಳತೆ ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಹಾರಿಸಿದಾಗ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಒಂದು ಸಲ ಏನೂ ಆಗದಿರಬಹುದು, ಹತ್ತು ಸಲವೂ ಆಗದಿರಬಹುದು.

ನಳಿಗೆಯ ಮೇಲೆ ಹಾವಿನ ಪೊರೆಯಂಥ ಸುರುಳಿ ಚಿತ್ತಾರ ಇದ್ದರೆ ಅದು ಡಮಾಸ್ಕಸ್. ಕಬ್ಬಿಣದ ಪಟ್ಟಿ ಸುತ್ತಿ ಬೆಸೆದು ಮಾಡಿದ ನಳಿಗೆ, ಕರಿಮದ್ದಿನ ಕಾಲದ್ದು. ಒಳಗಿನ ಬೆಸುಗೆಯಲ್ಲಿ ತುಕ್ಕು ಕೂತಿದ್ದರೆ ಹೊರಗಿನಿಂದ ಕಾಣುವುದಿಲ್ಲ. ನಾನಾದರೆ ಅದನ್ನು ಗೋಡೆಗೆ ಬಿಟ್ಟು, ಹಾರಿಸಲು ಬೇರೆ ನೋಡುತ್ತೇನೆ. ಗೋಡೆಗೆ ಹಾಕಿದರೂ ಲೈಸೆನ್ಸು ಬೇಕೇ ಬೇಕು, ಅದು ನೆನಪಿರಲಿ.

ಕೋವಿ ಮುರಿದು ನಳಿಗೆ ಬಿಡಿಸಿ, ತಳಭಾಗ ತಿರುಗಿಸಿ ನೋಡಿ. ಸಣ್ಣ ಕಿರೀಟದಂಥ ಗುರುತು, ಅಂಕಿ, ಅಕ್ಷರ ಒತ್ತಿರುತ್ತಾರೆ. ಪರೀಕ್ಷೆ ಮಾಡಿದ ಮುದ್ರೆ ಅವು. ಅದನ್ನು ಓದಬಲ್ಲವರು ಹಳೇ ಬಂದೂಕು ಅಂಗಡಿಗಳಲ್ಲಿ ಇನ್ನೂ ಒಬ್ಬಿಬ್ಬರು ಇದ್ದಾರೆ. ನನಗೆ ಫೋಟೋ ಕಳಿಸಿ ಕೇಳಬೇಡಿ, ನಳಿಗೆಯ ಒಳಗಿನ ಗುಳಿ ಫೋಟೋದಲ್ಲಿ ಕಾಣುವುದಿಲ್ಲ. ಲೈಸೆನ್ಸ್ ಪುಸ್ತಕ ಜೇಬಿನಲ್ಲಿಟ್ಟುಕೊಂಡು ಕೋವಿಯನ್ನೇ ಅವರ ಹತ್ತಿರ ಒಯ್ಯಿರಿ. ಹೋಗುವಾಗ ಮಾತ್ರ ಚೀಲಕ್ಕೆ ಹಾಕಿ.